ರಾತ್ರಿ ನುಂಗುವ ಆ ಸಣ್ಣ ಮಾತ್ರೆ

ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿಯುತ್ತದೆ ಎಂದು ಹೋದವರಿಗೂ ಅದೇ ಮಾತ್ರೆ. ತಿಂಗಳಿಗೆ ಏಳೆಂಟು ಸಲ ಅರೆತಲೆನೋವಿನಿಂದ ಒದ್ದಾಡುವ ಹೆಣ್ಣುಮಗಳಿಗೂ ಅದೇ. ಸರ್ಪಸುತ್ತಿನ ಗುಳ್ಳೆ ಒಣಗಿ ಎಷ್ಟೋ ಕಾಲವಾದರೂ ಪಕ್ಕೆಯ ಚಳುಕು ಬಿಡದ ಅಜ್ಜನಿಗೂ ಅದೇ. ಚೀಟಿಯಲ್ಲಿ ಅದರ ಮುಂದೆ 0-0-1 ಎಂದಿರುತ್ತದೆ, ಅಂದರೆ ರಾತ್ರಿ ಮಾತ್ರ. ಹೆಸರು ಅಮಿಟ್ರಿಪ್ಟಿಲಿನ್. ಮನೆಗೆ ಬಂದ ಮೇಲೆ ಮಗನೋ ಸೊಸೆಯೋ ಮೊಬೈಲಿನಲ್ಲಿ ಹೆಸರು ಹುಡುಕಿದರೆ ಮೊದಲ ಸಾಲಿನಲ್ಲೇ ‘ಖಿನ್ನತೆಯ ಔಷಧಿ’ ಎಂದು ಕಾಣುತ್ತದೆ. ‘ಕಾಲುರಿ ಅಂತ ಹೋದರೆ ತಲೆ ಕೆಟ್ಟವರ ಮಾತ್ರೆ ಕೊಟ್ಟಿದ್ದಾರಲ್ಲ!’ ಅಲ್ಲಿಗೆ ಸ್ಟ್ರಿಪ್ಪು ಔಷಧಿ ಡಬ್ಬದ ತಳ ಸೇರುತ್ತದೆ.

ಇನ್ನು ಕೆಲವರದ್ದು ಇದಕ್ಕೆ ತದ್ವಿರುದ್ಧ. ಮಾತ್ರೆ ನುಂಗಿದರೆ ಒಳ್ಳೆಯ ನಿದ್ದೆ ಬರುತ್ತದೆಂದು ಅದೇ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತರಿಸುತ್ತಾರೆ. ನಿದ್ದೆಯಿಲ್ಲ ಎಂದು ಗೋಳಾಡುವ ಪಕ್ಕದ ಮನೆಯವರಿಗೂ ನಾಲ್ಕು ಕತ್ತರಿಸಿ ಕೊಡುತ್ತಾರೆ. ಎರಡೂ ಸರಿಯಲ್ಲ, ಆದರೆ ಎರಡನೆಯದರಲ್ಲಿ ಜೀವಾಪಾಯವಿದೆ.

ಅಮಿಟ್ರಿಪ್ಟಿಲಿನ್ ‘ಟ್ರೈಸೈಕ್ಲಿಕ್’ ಗುಂಪಿನ ಔಷಧಿ. ಅಣುವಿನಲ್ಲಿ ಮೂರು ಉಂಗುರಗಳು ಅಕ್ಕಪಕ್ಕ ಬೆಸೆದುಕೊಂಡಿರುವುದರಿಂದ ಆ ಹೆಸರು ಬಂತು. ಗುಂಪಿನ ಹಿರಿಯಣ್ಣ ಇಮಿಪ್ರಮಿನ್. ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿ ಅದನ್ನು ಸ್ಕಿಜೋಫ್ರೇನಿಯಾಕ್ಕೆ ಆದೀತೆಂದು ಪ್ರಯೋಗಕ್ಕೆ ಕೊಟ್ಟಿತ್ತು. ಅಲ್ಲಿನ ಮ್ಯೂನ್‌ಸ್ಟರ್‌ಲಿಂಗೆನ್ ಆಸ್ಪತ್ರೆಯ ಮನೋವೈದ್ಯ ರೋಲಾಂಡ್ ಕುನ್ ಪರೀಕ್ಷಿಸಿದಾಗ ಆ ಕಾಯಿಲೆಗೆ ಹೆಚ್ಚೇನೂ ಆಗಲಿಲ್ಲ, ಖಿನ್ನತೆಯಲ್ಲಿ ಮುಳುಗಿದ್ದವರು ಮಾತ್ರ ಚೇತರಿಸಿಕೊಂಡರು. ಕುನ್ ಇದನ್ನು ಲೋಕಕ್ಕೆ ತಿಳಿಸಿದ್ದು 1957ರಲ್ಲಿ. ಅಮೆರಿಕದಲ್ಲಿ ಅಮಿಟ್ರಿಪ್ಟಿಲಿನ್ ಬಳಕೆಗೆ ಬಂದದ್ದು 1961ರಲ್ಲಿ. ಆಮೇಲೆ ಖಿನ್ನತೆಗೆ ಇನ್ನೂ ಸುರಕ್ಷಿತವಾದ ಫ್ಲುಆಕ್ಸೆಟಿನ್, ಸರ್ಟ್ರಲಿನ್, ಎಸಿಟಲೋಪ್ರಾಮ್‌ನಂಥವು ಬಂದು ಟ್ರೈಸೈಕ್ಲಿಕ್‌ಗಳು ಹಿಂದೆ ಸರಿದವು. ಆದರೆ ನರದ ನೋವಿನ ಮೇಲೆ ಇವಕ್ಕಿದ್ದ ಹಿಡಿತ ಹಾಗೆಯೇ ಉಳಿಯಿತು. ಹಾಗಾಗಿ ಈಗ ಈ ಚೀಟಿ ಬರೆಯುವವರು ಮನೋವೈದ್ಯರಷ್ಟೇ ಅಲ್ಲ. ಮೂಳೆಯವರು, ನರದವರು, ಶುಗರಿನವರು ಎಲ್ಲರೂ ಬರೆಯುತ್ತಾರೆ.

ಮಿದುಳು ಮತ್ತು ಬೆನ್ನುಹುರಿಯಲ್ಲಿ ಸೆರೊಟೋನಿನ್, ನಾರ್‌ಅಡ್ರೆನಲಿನ್ ಎಂಬ ರಾಸಾಯನಿಕಗಳು ಬೇಗ ಬರಿದಾಗದಂತೆ ಇವು ತಡೆಯುತ್ತವೆ. ನೋವಿನ ಸುದ್ದಿ ಮೇಲಕ್ಕೆ ಹೋಗುವ ದಾರಿಯಲ್ಲಿ ಅದನ್ನು ತಗ್ಗಿಸುವುದು ಈ ರಾಸಾಯನಿಕಗಳ ಕೆಲಸ. ಆದ್ದರಿಂದ ಖಿನ್ನತೆ ಇಲ್ಲದವರಿಗೂ ನೋವು ಇಳಿಯುತ್ತದೆ. ಪ್ರಮಾಣದಲ್ಲೂ ವ್ಯತ್ಯಾಸವಿದೆ. ನೋವಿಗೆ ರಾತ್ರಿ 10 ಅಥವಾ 25 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ, 75 ದಾಟುವುದು ಕಡಿಮೆ. ಖಿನ್ನತೆಗೆ ಹಲವರಿಗೆ 75ರಿಂದ 150ರವರೆಗೆ ಬೇಕಾಗಬಹುದು. ಕಾಲುರಿಗೆ ಈ ಮಾತ್ರೆ ಕೊಟ್ಟ ವೈದ್ಯರು ನಿಮ್ಮನ್ನು ಮನೋರೋಗಿ ಎಂದುಕೊಂಡಿಲ್ಲ. ಅಂದುಕೊಂಡಿದ್ದರೂ ಅದರಲ್ಲಿ ನಾಚುವಂಥದ್ದೇನೂ ಇಲ್ಲ ಎಂಬುದು ಬೇರೆ ಮಾತು.

ಒಂದೇ ಔಷಧಿ, ಎರಡು ಹೆಸರು

ನನಗೆ ತೋಚುವಂತೆ ನಮ್ಮ ಕಡೆ ಈ ಮಾತ್ರೆಯ ದೊಡ್ಡ ಅಪಾಯ ಇರುವುದು ಒಬ್ಬ ವೈದ್ಯರ ಚೀಟಿಗೂ ಇನ್ನೊಬ್ಬರ ಚೀಟಿಗೂ ನಡುವಿನ ಸಂದಿನಲ್ಲಿ. ಅರೆತಲೆನೋವಿಗೆ ನರತಜ್ಞರು ಅಮಿಟ್ರಿಪ್ಟಿಲಿನ್ ಬರೆದಿರುತ್ತಾರೆ. ಆರು ತಿಂಗಳ ನಂತರ ಸೊಂಟನೋವೆಂದು ಮೂಳೆ ಡಾಕ್ಟರ ಹತ್ತಿರ ಹೋದರೆ ‘ನರಕ್ಕೆ ಶಕ್ತಿ’ ಎಂದು ಮಿಶ್ರ ಮಾತ್ರೆಯೊಂದು ಸಿಗುತ್ತದೆ. ಅದರಲ್ಲಿ ಪ್ರೀಗ್ಯಾಬಲಿನ್ ಅಥವಾ ಗ್ಯಾಬಪೆಂಟಿನ್ ಜೊತೆಗೆ ನಾರ್‌ಟ್ರಿಪ್ಟಿಲಿನ್ ಸೇರಿರುವುದು ಸಾಮಾನ್ಯ. ಈ ನಾರ್‌ಟ್ರಿಪ್ಟಿಲಿನ್ ಕೂಡ ಟ್ರೈಸೈಕ್ಲಿಕ್ಕೇ. ಅಷ್ಟೇ ಅಲ್ಲ, ನಮ್ಮ ಯಕೃತ್ತು ಅಮಿಟ್ರಿಪ್ಟಿಲಿನ್ನನ್ನು ಒಡೆದಾಗ ಹುಟ್ಟುವುದೂ ಇದೇ. ಡಬ್ಬದಲ್ಲಿ ಎರಡು ಬಣ್ಣದ ಸ್ಟ್ರಿಪ್ಪುಗಳಿವೆ, ಹೊಟ್ಟೆಗೆ ಹೋಗುತ್ತಿರುವುದು ಒಂದೇ ಔಷಧಿಯ ಎರಡು ಪಾಲು. ಆ ವೈದ್ಯರಿಗೆ ಈ ಚೀಟಿ ಗೊತ್ತಿಲ್ಲ, ಈ ವೈದ್ಯರಿಗೆ ಆ ಚೀಟಿ ಗೊತ್ತಿಲ್ಲ. ಎರಡನ್ನೂ ಬಲ್ಲವರು ಒಬ್ಬರೇ, ನುಂಗುವವರು.

ಆದ್ದರಿಂದ ಸ್ಟ್ರಿಪ್ಪಿನ ಹಿಂಬದಿಯಲ್ಲಿ ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮೂಲ ಹೆಸರನ್ನು ಓದುವ ರೂಢಿ ಮಾಡಿಕೊಳ್ಳಿ. ‘ಟ್ರಿಪ್ಟಿಲಿನ್’ ಅಥವಾ ‘ಪ್ರಮಿನ್’ ಎಂದು ಕೊನೆಯಾದರೆ ಬಹುತೇಕ ಈ ಗುಂಪಿನದೇ. ಗೀಳು ಕಾಯಿಲೆಗೆ ಕೊಡುವ ಕ್ಲೋಮಿಪ್ರಮಿನ್ ಹಾಗೆ ಗುರುತು ಸಿಗುತ್ತದೆ. ಡಾಕ್ಸೆಪಿನ್, ಡೊಸುಲೆಪಿನ್ ಮಾತ್ರ ಈ ಗುರುತಿಗೆ ಸಿಗದ ಬಂಧುಗಳು. ಅಮಿಟ್ರಿಪ್ಟಿಲಿನ್ ಜೊತೆ ಕ್ಲೋರ್‌ಡಯಾಜೆಪಾಕ್ಸೈಡ್ ಬೆರೆಸಿದ ಮಾತ್ರೆಗಳೂ ನಮ್ಮಲ್ಲಿ ಧಾರಾಳವಾಗಿ ಓಡುತ್ತವೆ. ಕ್ಲೋರ್‌ಡಯಾಜೆಪಾಕ್ಸೈಡ್ ಅಭ್ಯಾಸ ಹಿಡಿಸುವಂಥದ್ದು, ಅದನ್ನು ಬಿಡುವುದು ಇನ್ನೂ ಕಷ್ಟ. ನಿಮ್ಮದು ಬರೀ ಅಮಿಟ್ರಿಪ್ಟಿಲಿನ್ನೋ, ಜೋಡಿ ಮಾತ್ರೆಯೋ ಎಂಬುದನ್ನು ಕೇಳಿ ತಿಳಿದುಕೊಳ್ಳಿ.

ಮೆಡಿಕಲ್ ಶಾಪಿನಲ್ಲಿ ಐದೇ ಮಾತ್ರೆ ಕತ್ತರಿಸಿ ಕೊಟ್ಟಾಗ ಹೆಸರು, ಪ್ರಮಾಣ, ಅವಧಿ ಮುಗಿಯುವ ದಿನಾಂಕ ಇರುವ ತುಂಡು ಅಂಗಡಿಯಲ್ಲೇ ಉಳಿದುಬಿಡುತ್ತದೆ. 10, 25, 75 ಮಿಲಿಗ್ರಾಂ ಮೂರರಲ್ಲೂ ಸಿಗುವ ಔಷಧಿಯ ವಿಷಯದಲ್ಲಿ ಇದು ಸಣ್ಣ ಸಂಗತಿಯಲ್ಲ. ಹೆಸರಿರುವ ಕಡೆಯಿಂದಲೇ ಕತ್ತರಿಸಿ ಕೊಡಿ ಎನ್ನಿ, ಇಲ್ಲವೇ ಅಲ್ಲೇ ಫೋಟೊ ತೆಗೆದುಕೊಳ್ಳಿ. ಹೊಸ ವೈದ್ಯರ ಮುಂದೆ ಕುಳಿತಾಗ ‘ರಾತ್ರಿ ಒಂದು ಚಿಕ್ಕ ಮಾತ್ರೆ ತಗೋತೀನಿ ಸಾರ್’ ಎಂದರೆ ಅವರಿಗೆ ಏನೂ ಹೊಳೆಯುವುದಿಲ್ಲ. ಮೊಬೈಲಿನ ಆ ಫೋಟೊ ತೋರಿಸಿದರೆ ಸಾಕು.

ಶುರು ಮಾಡುವ ಮೊದಲು

ಕೆಲವರ ವಿಷಯದಲ್ಲಿ ವೈದ್ಯರು ಈ ಮಾತ್ರೆಯನ್ನು ಬರೆಯುವುದೇ ಇಲ್ಲ, ಇಲ್ಲವೇ ಬಹಳ ಯೋಚಿಸಿ ಬರೆಯುತ್ತಾರೆ. ಅವರು ಕೇಳದಿದ್ದರೂ ನೀವಾಗಿಯೇ ಹೇಳಬೇಕಾದ ಸಂಗತಿಗಳಿವೆ. ಇತ್ತೀಚೆಗೆ ಹೃದಯಾಘಾತವಾಗಿದೆಯೇ, ಎದೆಬಡಿತ ಏರುಪೇರಾಗುತ್ತದೆಯೇ? ಹೃದಯದ ವಿದ್ಯುತ್ ಹರಿವನ್ನು ಟ್ರೈಸೈಕ್ಲಿಕ್‌ಗಳು ನಿಧಾನಗೊಳಿಸಬಲ್ಲವು. ಹೃದ್ರೋಗಿಗಳಿಗೂ ವಯಸ್ಸಾದವರಿಗೂ ಮೊದಲು ಒಂದು ಇಸಿಜಿ ಮಾಡಿಸುವುದು ಇದಕ್ಕಾಗಿ. ಫಿಟ್ಸ್ ಇದ್ದವರಲ್ಲಿ ಅದು ಮರುಕಳಿಸಬಹುದು. ಪ್ರಾಸ್ಟೇಟ್ ಊದಿಕೊಂಡು ಮೂತ್ರ ಸಣ್ಣಗೆ ಬರುತ್ತಿದ್ದವರಿಗೆ ಪೂರ್ತಿ ಕಟ್ಟಿಕೊಳ್ಳಬಹುದು. ಗ್ಲಾಕೋಮಾದಲ್ಲಿ ಕಿರಿಕೋನದ್ದು ಎಂಬ ಬಗೆಯೊಂದಿದೆ. ಅಂಥವರಿಗೆ ಕಣ್ಣಿನ ಒತ್ತಡ ಒಮ್ಮೆಲೇ ಏರಿ ಕಣ್ಣು ಕೆಂಪಾಗಿ, ವಿಪರೀತ ನೋವಾಗಿ, ದೀಪದ ಸುತ್ತ ಬಣ್ಣದ ಬಳೆ ಕಾಣಿಸಿದರೆ ಅದು ಆ ರಾತ್ರಿಯೇ ಆಸ್ಪತ್ರೆಗೆ ಓಡಬೇಕಾದ ಸ್ಥಿತಿ. ಯಕೃತ್ತಿನ ಕಾಯಿಲೆಯನ್ನೂ ಹೇಳಬೇಕು.

ಖಿನ್ನತೆಗಾಗಿ ತೆಗೆದುಕೊಳ್ಳುವವರಿಗೆ ಇನ್ನೊಂದು ಮುಖ್ಯ ಪ್ರಶ್ನೆ: ಹಿಂದೆ ಯಾವಾಗಲಾದರೂ ಕೆಲವು ದಿನ ನಿದ್ದೆಯೇ ಬೇಡವೆನಿಸಿ, ಮಾತು ಓಡಿ, ಕೈಬಿಟ್ಟು ದುಡ್ಡು ಖರ್ಚಾಗಿದ್ದುಂಟೇ? ಮನೆತನದಲ್ಲಿ ಯಾರಿಗಾದರೂ ಹಾಗಿತ್ತೇ? ಬೈಪೋಲಾರ್ ಕಾಯಿಲೆ ಇರುವವರಿಗೆ ಟ್ರೈಸೈಕ್ಲಿಕ್ ಒಂದನ್ನೇ ಕೊಟ್ಟರೆ ಮನಸ್ಸು ಖಿನ್ನತೆಯಿಂದ ಉನ್ಮಾದಕ್ಕೆ ಜಿಗಿಯಬಹುದು. ಇದನ್ನು ಹೇಳಲು ರೋಗಿಗಿಂತ ಹೆಂಡತಿ ಅಥವಾ ಅಣ್ಣತಮ್ಮಂದಿರೇ ವಾಸಿ.

ಬಸುರಿಯರು, ಬಾಣಂತಿಯರು ಭಯಬಿದ್ದು ತಾವಾಗಿ ನಿಲ್ಲಿಸುವುದೂ ಬೇಡ, ಹೇಳದೆ ಮುಂದುವರಿಸುವುದೂ ಬೇಡ. ಅಮಿಟ್ರಿಪ್ಟಿಲಿನ್ ಎದೆಹಾಲಿಗೆ ಹೋಗುವುದು ಅಲ್ಪ ಪ್ರಮಾಣದಲ್ಲಿ. ಡಾಕ್ಸೆಪಿನ್ ಮಾತ್ರ ಹಾಲುಣಿಸುವವರಿಗೆ ಬೇಡ.

ಮೊದಲ ಎರಡು ವಾರ

ಜನ ಬೇಸತ್ತು ಬಿಡುವುದು ಈ ಹೊತ್ತಿನಲ್ಲೇ. ಕಾರಣ ಸರಳ. ತೊಂದರೆಗಳು ಮೊದಲ ದಿನವೇ ಬರುತ್ತವೆ, ಲಾಭ ತಡವಾಗಿ ಬರುತ್ತದೆ. ನಿದ್ದೆ ಬೇಗ ಸುಧಾರಿಸುತ್ತದೆ. ನೋವು ತಗ್ಗಲು ಎರಡರಿಂದ ನಾಲ್ಕು ವಾರ ಬೇಕಾಗಬಹುದು, ಮನಸ್ಸು ಹಗುರಾಗಲು ಆರು ವಾರದವರೆಗೂ. ಅರೆತಲೆನೋವಿಗಾದರೆ ಎರಡು ತಿಂಗಳಾದರೂ ನೋಡದೆ ‘ಹಿಡಿಯಲಿಲ್ಲ’ ಎಂದು ತೀರ್ಮಾನಿಸುವಂತಿಲ್ಲ. ಇದು ಪ್ಯಾರಾಸಿಟಮಾಲ್ ತರಹ ನೋವು ಬಂದ ದಿನ ನುಂಗುವ ಮಾತ್ರೆಯಲ್ಲ, ನೋವಿರಲಿ ಬಿಡಲಿ ದಿನವೂ ಬೇಕು.

ಬೆಳಿಗ್ಗೆ ತಲೆ ಭಾರ, ಎದ್ದರೂ ನಿದ್ದೆಯ ಮಂಪರು ಎಂಬ ದೂರು ಸಾಮಾನ್ಯ. ಮಾತ್ರೆಯನ್ನು ಹನ್ನೊಂದು ಗಂಟೆಗೆ ಬದಲು ರಾತ್ರಿ ಎಂಟು–ಎಂಟೂವರೆಗೆ ನುಂಗಿದರೆ ಎಷ್ಟೋ ಜನರಿಗೆ ಇದು ಪರಿಹಾರವಾಗುತ್ತದೆ. ಮೊದಲ ವಾರ, ಮತ್ತು ಪ್ರಮಾಣ ಏರಿಸಿದಾಗಲೆಲ್ಲ, ಮಂಪರು ಎಷ್ಟಿದೆ ಎಂದು ಗೊತ್ತಾಗುವವರೆಗೆ ಬೈಕು, ಕಾರು, ಟ್ರ್ಯಾಕ್ಟರು, ಕಬ್ಬು ಅರೆಯುವ ಯಂತ್ರ ಯಾವುದೂ ಬೇಡ. ಮದ್ಯ ಬೇಡವೇ ಬೇಡ. ಎರಡೂ ಸೇರಿದರೆ ಮಂಪರು ಕೂಡಿಕೆಯಾಗುವುದಿಲ್ಲ, ಗುಣಾಕಾರವಾಗುತ್ತದೆ.

ಬಾಯಿ ಒಣಗುವುದು ಇದರ ಗುರುತಿನ ಚೀಟಿಯಿದ್ದಂತೆ. ಆಗಾಗ ಒಂದೊಂದು ಗುಟುಕು ನೀರು, ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಸಾಕು. ಪೆಪ್ಪರ್‌ಮಿಂಟು ಚೀಪುತ್ತ ಕೂರಬೇಡಿ. ಜೊಲ್ಲು ಕಡಿಮೆಯಾದ ಬಾಯಿಯಲ್ಲಿ ಸಕ್ಕರೆ ನಿಂತರೆ ಹಲ್ಲು ಬೇಗ ಹುಳುಕಾಗುತ್ತವೆ. ಮಲಬದ್ಧತೆಗೆ ಸೊಪ್ಪು, ಕಾಳು, ರಾಗಿ, ನೀರು. ಸಾಲದಿದ್ದರೆ ಇಸಬ್‌ಗೋಲು. ಮೂರ್ನಾಲ್ಕು ದಿನ ಹೊಟ್ಟೆ ಹೋಗದೆ ಉಬ್ಬರವಾದರೆ ವೈದ್ಯರಿಗೆ ತಿಳಿಸಿ. ಹಸಿವು ಹೆಚ್ಚಿ ತೂಕ ಏರುವುದೂ ಉಂಟು. ಶುಗರ್ ಇರುವವರು ತಿಂಗಳಿಗೊಮ್ಮೆ ತೂಕ ನೋಡಿಕೊಳ್ಳಬೇಕು. ಅಪರೂಪಕ್ಕೆ ಕೆಲವರ ಮೂತ್ರ ನೀಲಿ-ಹಸಿರು ಬಣ್ಣಕ್ಕೆ ತಿರುಗುತ್ತದೆ. ನೋಡಿದವರು ಬೆಚ್ಚಿಬೀಳುತ್ತಾರೆ, ಆದರೆ ಅದರಿಂದ ಕೇಡಿಲ್ಲ.

ಕಲಬುರಗಿ, ರಾಯಚೂರು ಸೀಮೆಯವರಿಗೆ ಒಂದು ಮಾತು. ಈ ಔಷಧಿ ಕೆಲವರಲ್ಲಿ ಬೆವರನ್ನು ತಡೆಯುತ್ತದೆ. ಬೆವರದ ಮೈ ಬಿಸಿಲನ್ನು ತಾಳಲಾರದು. ಏಪ್ರಿಲ್-ಮೇ ತಿಂಗಳಲ್ಲಿ ನಡುಮಧ್ಯಾಹ್ನ ಹೊಲದಲ್ಲಿ ದುಡಿಯುವವರು ನೆರಳು, ನೀರು, ಮಜ್ಜಿಗೆ ಮರೆಯಬಾರದು.

ಅಜ್ಜ-ಅಜ್ಜಿಯರ ವಿಷಯ ಬೇರೆಯೇ

ಅಮೆರಿಕದ ವೃದ್ಧವೈದ್ಯರ ಸಂಘವು ವಯಸ್ಸಾದವರಿಗೆ ಸಾಧ್ಯವಾದಷ್ಟು ಕೊಡಬಾರದ ಔಷಧಿಗಳ ಪಟ್ಟಿಯೊಂದನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತದೆ, ಬಿಯರ್ಸ್ ಪಟ್ಟಿ ಎಂದು ಅದರ ಹೆಸರು. ಅದರಲ್ಲಿ ಅಮಿಟ್ರಿಪ್ಟಿಲಿನ್ ಇದೆ, ನಾರ್‌ಟ್ರಿಪ್ಟಿಲಿನ್ ಕೂಡ. ಹಾಗೆಂದು ವೃದ್ಧರಿಗೆ ಕೊಡುವಂತೆಯೇ ಇಲ್ಲ ಎಂದಲ್ಲ. ಬೇರೆ ದಾರಿ ಹಿಡಿಸದಿದ್ದಾಗ ಕನಿಷ್ಠ ಪ್ರಮಾಣದಲ್ಲಿ ಕಣ್ಣಿಟ್ಟು ಕೊಡಬೇಕು.

ಕಣ್ಣಿಡಬೇಕಾದವರು ಮನೆಯವರು. ಮಲಗಿದ್ದವರು ದಡಕ್ಕನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ನಡುರಾತ್ರಿ ಬಚ್ಚಲಿಗೆ ಹೊರಟ ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ‘ವಯಸ್ಸಾಯ್ತಲ್ಲ’ ಎನ್ನುತ್ತೇವೆ, ರಾತ್ರಿಯ ಮಾತ್ರೆಯ ಮೇಲೆ ಅನುಮಾನ ಹೋಗುವುದಿಲ್ಲ. ಎದ್ದು ಒಂದೆರಡು ನಿಮಿಷ ಮಂಚದ ಅಂಚಿನಲ್ಲಿ ಕುಳಿತು, ಏನನ್ನಾದರೂ ಹಿಡಿದು ನಿಂತು, ಆಮೇಲೆ ಹೆಜ್ಜೆ ಇಡಬೇಕು. ಬಚ್ಚಲಿನ ದಾರಿಗೆ ಸಣ್ಣ ದೀಪ ಹಾಕಿಡಿ.

ಅರಳುಮರಳಿನ ವಿಷಯ ಇನ್ನೂ ಸೂಕ್ಷ್ಮ. ನೆನಪಿನ ಕೆಲಸಕ್ಕೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಕ್ಕೆ ಟ್ರೈಸೈಕ್ಲಿಕ್‌ಗಳು ಅಡ್ಡ ನಿಲ್ಲುತ್ತವೆ. ನೆಟ್ಟಗಿದ್ದ ಹಿರಿಯರು ಮಾತ್ರೆ ಶುರುವಾದ ಕೆಲವು ದಿನ ಅಥವಾ ವಾರಗಳಲ್ಲಿ ಹೊತ್ತು ಮರೆತು, ತೀರಿಕೊಂಡವರನ್ನು ಕರೆಯುತ್ತ, ಸಂಜೆಯಾದಂತೆ ಗೊಂದಲಕ್ಕೆ ಬಿದ್ದರೆ ಮರೆವಿನ ಕಾಯಿಲೆ ಎಂದು ಷರಾ ಬರೆಯುವ ಮೊದಲು ಔಷಧಿ ಡಬ್ಬವನ್ನು ವೈದ್ಯರ ಮೇಜಿನ ಮೇಲೆ ಸುರಿಯಿರಿ. ರಕ್ತದ ಸೋಡಿಯಂ ಇಳಿದಿದ್ದರೂ ಹೀಗಾಗುತ್ತದೆ, ಅದನ್ನೂ ಈ ಔಷಧಿ ಇಳಿಸಬಲ್ಲದು. ಬಿಪಿಗೆ ನೀರಿಳಿಸುವ ಮಾತ್ರೆ ನುಂಗುವವರಲ್ಲಿ ಇದರ ಸಾಧ್ಯತೆ ಹೆಚ್ಚು.

ಜೊತೆಗೆ ಸೇರಬಾರದವು

ಎಲ್ಲಕ್ಕಿಂತ ಕಠಿಣ ನಿಷೇಧವಿರುವುದು ಎಂಎಒಐ ಎಂಬ ಔಷಧಿ ಗುಂಪಿನೊಂದಿಗೆ. ಎರಡರ ನಡುವೆ 14 ದಿನಗಳ ಅಂತರ ಬೇಕು. ಪಾರ್ಕಿನ್ಸನ್ ಕಾಯಿಲೆಯ ಸೆಲೆಜಿಲಿನ್, ಕ್ಷಯ ಹಾಗೂ ಗಟ್ಟಿ ಸೋಂಕುಗಳಿಗೆ ಕೊಡುವ ಲಿನೆಜೋಲಿಡ್ ಎರಡಕ್ಕೂ ಎಂಎಒಐ ಗುಣವಿದೆ. ಆದರೆ ದಿನನಿತ್ಯದಲ್ಲಿ ಹೆಚ್ಚು ಎಡವುವುದು ಟ್ರಮಡಾಲ್ ವಿಷಯದಲ್ಲಿ. ಹಲ್ಲು ಕಿತ್ತಾಗ, ಕೈ ಮುರಿದಾಗ ಕೊಡುವ ಈ ನೋವಿನ ಮಾತ್ರೆ ಟ್ರೈಸೈಕ್ಲಿಕ್ ಜೊತೆ ಸೇರಿದರೆ ಫಿಟ್ಸ್ ಬರಬಹುದು, ಸೆರೊಟೋನಿನ್ ಉಕ್ಕಿ ಜ್ವರ, ನಡುಕ, ಚಡಪಡಿಕೆ ಕಾಣಿಸಬಹುದು.

ಖಿನ್ನತೆಯ ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್ ಮಾತ್ರವಲ್ಲ, ಗಜಕರ್ಣಕ್ಕೆ ನುಂಗುವ ಟರ್ಬಿನಾಫಿನ್ ಕೂಡ ಯಕೃತ್ತಿನ ಕೆಲಸಕ್ಕೆ ಅಡ್ಡಬಂದು ರಕ್ತದಲ್ಲಿ ಟ್ರೈಸೈಕ್ಲಿಕ್ ಪ್ರಮಾಣವನ್ನು ಏರಿಸುತ್ತದೆ. ಪ್ರಮಾಣ ಅದೇ 25 ಇರುತ್ತದೆ, ಪರಿಣಾಮ ಅದಕ್ಕಿಂತ ಹೆಚ್ಚಿನದರದ್ದು. ಚರ್ಮದ ಡಾಕ್ಟರಿಗೆ ತಲೆನೋವಿನ ಮಾತ್ರೆಯ ಸುದ್ದಿ ಯಾಕೆ ಹೇಳಬೇಕು ಎನ್ನುವವರಿಗೆ ಇದೇ ಉತ್ತರ. ಅಜಿತ್ರೊಮೈಸಿನ್, ಆಂಡಾನ್ಸೆಟ್ರಾನ್, ಡೊಂಪೆರಿಡೋನ್‌ನಂಥ ಮನೆಮಾತಾದ ಔಷಧಿಗಳೂ ಹೃದಯದ ಲಯವನ್ನು ಏರುಪೇರು ಮಾಡಬಲ್ಲಂಥವು, ಹೃದ್ರೋಗವಿರುವವರು ಇವನ್ನು ಕೇಳದೆ ಸೇರಿಸಿಕೊಳ್ಳಬಾರದು. ನೆಗಡಿ ಮಾತ್ರೆ, ಕೆಮ್ಮಿನ ಸಿರಪ್ಪಿನಲ್ಲಿರುವ ಕ್ಲೋರ್‌ಫೆನಿರಮಿನ್, ಹೊಟ್ಟೆನೋವಿನ ಡೈಸೈಕ್ಲೊಮಿನ್ ಇವು ಬಾಯಿ ಒಣಗುವುದನ್ನೂ ಮೂತ್ರ ಕಟ್ಟುವುದನ್ನೂ ಮಂಪರನ್ನೂ ಹೆಚ್ಚಿಸುತ್ತವೆ.

ಹಲ್ಲಿನ ವೈದ್ಯರಿಗೂ, ಆಪರೇಷನ್ ಎಂದರೆ ಅರಿವಳಿಕೆ ವೈದ್ಯರಿಗೂ ಮುಂಚೆಯೇ ಹೇಳಿಡಿ. ಮರಗಟ್ಟಿಸುವ ಇಂಜೆಕ್ಷನ್ನಿನಲ್ಲಿ ಅಡ್ರೆನಲಿನ್ ಬೆರೆತಿರಬಹುದು, ಟ್ರೈಸೈಕ್ಲಿಕ್ ನುಂಗುವವರಲ್ಲಿ ಅದರಿಂದ ಬಿಪಿ ಜಿಗಿಯಬಹುದು.

ಬೀಗ ಹಾಕಿಡಬೇಕಾದ ಔಷಧಿ

ಉಮ್ಮತ್ತಿ ಕಾಯಿ ತಿಂದ ಮಗುವನ್ನು ಕಂಡವರಿಗೆ ಈ ಚಿತ್ರ ಗೊತ್ತು: ಒಣಗಿದ ಬಾಯಿ, ಕೆಂಪೇರಿದ ಮುಖ, ಅಗಲವಾದ ಕಣ್ಣಿನ ಪಾಪೆ, ಗಾಳಿಯಲ್ಲಿ ಏನನ್ನೋ ಹಿಡಿಯಲು ಆಡುವ ಕೈ. ಟ್ರೈಸೈಕ್ಲಿಕ್ ಮಿತಿಮೀರಿದಾಗಲೂ ಹೀಗೇ ಕಾಣಬಹುದು. ಉಮ್ಮತ್ತಿಯ ವಿಷವೂ ಅಡ್ಡ ನಿಲ್ಲುವುದು ಅದೇ ಅಸಿಟೈಲ್‌ಕೋಲಿನ್‌ಗೆ. ಆದರೆ ಟ್ರೈಸೈಕ್ಲಿಕ್ ಇಷ್ಟಕ್ಕೇ ನಿಲ್ಲದೆ ಹೃದಯದ ಬಡಿತವನ್ನೇ ಕೆಡಿಸುತ್ತದೆ, ಫಿಟ್ಸ್ ತರಿಸುತ್ತದೆ. ಖಿನ್ನತೆಯ ಹೊಸ ಔಷಧಿಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಅಂಬೆಗಾಲಿಡುವ ಮಗುವಿಗೆ ಹೆಚ್ಚಿನ ಪ್ರಮಾಣದ ಒಂದೆರಡು ಮಾತ್ರೆಯೂ ಪ್ರಾಣಕ್ಕೆ ಎರವಾಗಬಹುದು. ಅಜ್ಜಿಯ ದಿಂಬಿನ ಕೆಳಗೆ, ಟಿವಿಯ ಪಕ್ಕದಲ್ಲಿ, ಸೆರಗಿನ ಗಂಟಿನಲ್ಲಿ ಈ ಮಾತ್ರೆ ಇರಕೂಡದು. ಹಾಸಿಗೆ ಒದ್ದೆ ಮಾಡುವ ಮಕ್ಕಳಿಗೆ ಕೆಲವೊಮ್ಮೆ ಇಮಿಪ್ರಮಿನ್ ಕೊಡುತ್ತಾರೆ. ಎರಡು ನುಂಗಿದರೆ ಬೇಗ ವಾಸಿಯಾದೀತು ಎಂದುಕೊಳ್ಳುವ ವಯಸ್ಸು ಅದು. ದಿನದ ಮಾತ್ರೆಯನ್ನು ದೊಡ್ಡವರೇ ಕೈಯಾರೆ ಕೊಡಬೇಕು.

ಯಾರಾದರೂ ಹೆಚ್ಚು ನುಂಗಿದ್ದಾರೆಂಬ ಅನುಮಾನ ಬಂದರೆ ‘ಮಲಗಿದ್ದಾರಲ್ಲ, ಬೆಳಿಗ್ಗೆ ನೋಡೋಣ’ ಎನ್ನಬೇಡಿ. ಮೊದಲಿಗೆ ಬರೀ ನಿದ್ದೆಯಂತೆ ಕಂಡವರ ಸ್ಥಿತಿ ಕೆಲವೇ ತಾಸುಗಳಲ್ಲಿ ಕೈಮೀರುತ್ತದೆ. ಉಪ್ಪುನೀರು, ಸಾಬೂನು ನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಖಾಲಿ ಸ್ಟ್ರಿಪ್ಪನ್ನೂ ಜೊತೆಗೆ ಒಯ್ಯಿರಿ. ಇಸಿಜಿ ನೋಡಿ, ರಕ್ತನಾಳಕ್ಕೆ ಸೋಡಿಯಂ ಬೈಕಾರ್ಬನೇಟ್ ಕೊಟ್ಟು ಹೃದಯವನ್ನು ಕಾಪಾಡುವ ಚಿಕಿತ್ಸೆ ಆಸ್ಪತ್ರೆಯಲ್ಲಿದೆ, ಬೇಗ ತಲುಪಿದರೆ ಅದು ಫಲ ಕೊಡುತ್ತದೆ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117.

ಖಿನ್ನತೆಗೆ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ, ಅದರಲ್ಲೂ 25 ವರ್ಷದೊಳಗಿನವರಲ್ಲಿ, ಸಾಯುವ ಯೋಚನೆ ಹೆಚ್ಚಾಗುವ ಸಾಧ್ಯತೆ ಇದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳ ವಿಷಯದಲ್ಲಿ ಕೊಟ್ಟ ಎಚ್ಚರಿಕೆಯನ್ನು 2007ರಲ್ಲಿ 24 ವರ್ಷದವರೆಗೂ ವಿಸ್ತರಿಸಿತು. ಹೊಸದಾಗಿ ಚಡಪಡಿಕೆ, ಸಿಟ್ಟು, ನಿದ್ದೆಗೇಡು ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳಲು ಹಿಂಜರಿಯಲೂ ಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಂಥ ಮನೆಯಲ್ಲಿ ಒಂದು ವಾರಕ್ಕಾಗುವಷ್ಟೇ ಮಾತ್ರೆ ತರುವುದು, ಅದನ್ನು ಬೇರೊಬ್ಬರು ಬೀಗದಲ್ಲಿಟ್ಟು ದಿನಕ್ಕೊಂದರಂತೆ ಕೊಡುವುದು ರೋಗಿಯ ಮೇಲಿನ ಅಪನಂಬಿಕೆಯಲ್ಲ. ವೈದ್ಯರಿಗೂ ಹಾಗೆಯೇ ಬರೆಯಲು ಹೇಳಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತನಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಯ ಮೇಲುಸ್ತುವಾರಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನದು.

ಮರೆತರೆ, ಬಿಟ್ಟರೆ

ಒಂದು ರಾತ್ರಿ ಮರೆತಿರಿ, ಬೆಳಿಗ್ಗೆ ನೆನಪಾಯಿತು ಎನ್ನಿ. ಬಿಟ್ಟುಬಿಡಿ. ಬೆಳಿಗ್ಗೆ ನುಂಗಿದರೆ ದಿನವೆಲ್ಲ ತೂಕಡಿಕೆ. ರಾತ್ರಿ ಎರಡು ನುಂಗುವುದೂ ಬೇಡ.

ವಾಸಿಯಾಯಿತೆಂದು ಒಮ್ಮೆಗೇ ನಿಲ್ಲಿಸಿದರೆ ವಾಕರಿಕೆ, ತಲೆನೋವು, ಬೆವರು, ಚಿತ್ರವಿಚಿತ್ರ ಕನಸು, ನಿದ್ದೆಗೇಡು ಬರುತ್ತವೆ. ಫ್ಲೂ ಬಂತೆಂದೋ ಹಳೆಯ ಕಾಯಿಲೆ ಮರಳಿತೆಂದೋ ಜನ ಗಾಬರಿಯಾಗುತ್ತಾರೆ. ಅದಕ್ಕಾಗಿ ಸಾಮಾನ್ಯವಾಗಿ ನಾಲ್ಕು ವಾರ ಅಥವಾ ಅದಕ್ಕೂ ಹೆಚ್ಚು ಕಾಲದಲ್ಲಿ ಮೆಟ್ಟಿಲಿಳಿಸುತ್ತಾರೆ. ಖಿನ್ನತೆಯಲ್ಲಿ ಪೂರ್ತಿ ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸುವುದು ವಾಡಿಕೆ, ಬೇಗ ಬಿಟ್ಟವರಲ್ಲಿ ಅದು ಮರಳುವುದು ಹೆಚ್ಚು. ನೋವಿಗೆ ತೆಗೆದುಕೊಳ್ಳುವವರು ಕೆಲವು ತಿಂಗಳಿಗೊಮ್ಮೆ ‘ಡಾಕ್ಟ್ರೇ, ಇದು ಇನ್ನೂ ಬೇಕಾ?’ ಎಂದು ಕೇಳಬೇಕು. ನೀವು ಕೇಳದಿದ್ದರೆ 0-0-1 ಚೀಟಿಯಿಂದ ಚೀಟಿಗೆ ನಕಲಾಗುತ್ತ ಹೋಗುತ್ತದೆ.

ನಿಲ್ಲಿಸಿದ ಮೇಲೆ ಉಳಿದ ಮಾತ್ರೆಗಳನ್ನು ‘ಯಾರಿಗಾದರೂ ಆದೀತು’ ಎಂದು ಎತ್ತಿಡಬೇಡಿ. ಇದು ಷೆಡ್ಯೂಲ್ ಎಚ್ ಔಷಧಿ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಹಂಚುವಂತೆಯೂ ಇಲ್ಲ. ಸ್ಟ್ರಿಪ್ಪಿನಿಂದ ಬಿಡಿಸಿ, ಪುಡಿ ಮಾಡದೆ, ಬಳಸಿದ ಕಾಫಿ ಗಸಿಯಲ್ಲೋ ಮಣ್ಣಿನಲ್ಲೋ ಕಲಸಿ, ಪೊಟ್ಟಣದಲ್ಲಿ ಬಿಗಿಯಾಗಿ ಕಟ್ಟಿ, ಹಸಿ ಕಸ ಒಣ ಕಸ ಎರಡಕ್ಕೂ ಸೇರಿಸದೆ ಅಪಾಯಕಾರಿ ಕಸವೆಂದು ಗುರುತು ಹಾಕಿ ಬೇರೆಯಾಗಿ ಕೊಡಿ.